ಹಳೆಯ ಮೋಟಾರ್ ಸೈಕಲ್ ಎಂದರೆ ಯಾವುದು? – ಮಣ್ಣಿನ ಓಟದ ವರ್ಗಗಳು ಮತ್ತು ಅರ್ಹತೆಯ ನಿಯಮಗಳು

ಕಳೆದ ಮಾರ್ಚಿಯಲ್ಲಿ ಗದ್ದೆಯ ಕೂಳೆ ಒಣಗಿ, ಕಾಫಿ ಕಣವೂ ಖಾಲಿಯಾದ ಮೇಲೆ, ನಮ್ಮ ಸಂಘದ ಯುವ ಸದಸ್ಯರು ಏರ್ಪಡಿಸಿದ್ದ ಮೋಟಾರ್ ಸೈಕಲ್ ಓಟವನ್ನು ಸದಸ್ಯ ಬಾಂಧವರಲ್ಲಿ ಬಹುಮಂದಿ ನೋಡಿದ್ದೀರಿ. ಓಟವೇನೋ ಚೆನ್ನಾಗಿಯೇ ನಡೆಯಿತು. ತಕರಾರು ಎದ್ದದ್ದು ಬಹುಮಾನ ವಿತರಣೆಯ ಹೊತ್ತಿಗೆ. ಕರಪತ್ರದಲ್ಲಿ ಒಂದು ವರ್ಗಕ್ಕೆ ‘ಹಳೆಯ ಬೈಕುಗಳಿಗೆ ಮಾತ್ರ’ ಎಂದು ಒಂದೇ ಒಂದು ಸಾಲು ಅಚ್ಚಾಗಿತ್ತು. ಅದನ್ನು ನಂಬಿ ಬಂದವು ಎರಡು ಜಾವಾ, ಒಂದು ಯೆಜ್ಡಿ ರೋಡ್‌ಕಿಂಗ್, ಎರಡು ಬುಲೆಟ್ ಮತ್ತು ಮೂರು ಯಮಹಾ ಆರ್‌ಎಕ್ಸ್ 100. ಗೆದ್ದದ್ದು ಒಂದು ಜಾವಾ. ಅದರ ಟ್ಯಾಂಕೂ ಚಾಸಿಯೂ 1969ರವು, ಆರ್.ಸಿ. ಪುಸ್ತಕವೂ 1969ರದೇ. ಆದರೆ ಮುಂದಿನ ಫೋರ್ಕು ಈಚಿನ ಯಾವುದೋ ಬೈಕಿನದು, ಬ್ರೇಕು ಡಿಸ್ಕ್, ಎಂಜಿನ್ನು ರೋಡ್‌ಕಿಂಗಿನದು. ಎರಡನೆಯವರಾಗಿ ಬಂದವರು ಕಾಗದದ ಮೇಲೆ ಆಕ್ಷೇಪಣೆ ಬರೆದುಕೊಟ್ಟರು. ತೀರ್ಪು ಹೇಳಲು ನಮ್ಮ ಕೈಯಲ್ಲಿ ಆ ಒಂದು ಸಾಲಲ್ಲದೆ ಬೇರೇನೂ ಇರಲಿಲ್ಲ. ಬೆಳ್ಳಿಯ ಬಟ್ಟಲು ಇಂದಿಗೂ ಕಛೇರಿಯ ಬೀರುವಿನಲ್ಲಿದೆ. ಇಪ್ಪತ್ತು ವರ್ಷ ಒಂದೇ ಲಾರಿಯಲ್ಲಿ ಅಡಿಕೆ ಕಳಿಸುತ್ತಿದ್ದ ಇಬ್ಬರು ಸದಸ್ಯರು ಅಂದಿನಿಂದ ಬೇರೆ ಬೇರೆ ಲಾರಿ ಮಾಡುತ್ತಿದ್ದಾರೆ.

ಬರುವ ಮಹಾಸಭೆಯೊಳಗೆ ಬೇರೆ ಕಡೆಗಳ ನಿಯಮಗಳನ್ನು ನೋಡಿ ವಿವರ ಬರೆಯಬೇಕೆಂದು ಆಡಳಿತ ಮಂಡಳಿ ನಮಗೆ ಸೂಚಿಸಿದ್ದರಿಂದ ಈ ಲೇಖನ. ಮೊದಲೇ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ನಮ್ಮ ತಂದೆಯವರು 1968ರಲ್ಲಿ ಕೊಂಡ ಜಾವಾ ಈಗಲೂ ನಮ್ಮ ಮನೆಯ ಕೊಟ್ಟಿಗೆಯ ಪಕ್ಕದಲ್ಲಿ ನಿಂತಿದೆ. ಅದರ ಟ್ಯಾಂಕಿನ ಮೇಲೆ ಕೂತು ಶಾಲೆಗೆ ಹೋದವರು ನಾವು. ಆದಕಾರಣ ಈ ವಿಷಯದಲ್ಲಿ ನಾವು ಪೂರ್ತಿ ನಿಷ್ಪಕ್ಷಪಾತಿಗಳೆಂದು ಯಾರೂ ತಿಳಿಯಬೇಕಾಗಿಲ್ಲ.

ಮಣ್ಣಿನ ಓಟ, ಅಂದರೆ ಡರ್ಟ್ ಟ್ರ್ಯಾಕ್, ಹುಲುಸಾಗಿ ಬೆಳೆದ ದೇಶ ಅಮೆರಿಕ. ಅಲ್ಲಿಯ ಜಿಲ್ಲಾ ಜಾತ್ರೆಗಳಲ್ಲಿ ಕುದುರೆ ಓಟಕ್ಕೆಂದು ಮಾಡಿದ ಅಂಡಾಕಾರದ ಬಯಲುಗಳಿರುತ್ತವೆ. ಸುತ್ತಳತೆ ಅರ್ಧ ಮೈಲಿ, ಇಲ್ಲವೇ ಒಂದು ಮೈಲಿ. ಇವುಗಳಲ್ಲಿ ಬೈಕುಗಳು ಸದಾ ಎಡಕ್ಕೇ ತಿರುಗುತ್ತವೆ. ತಿರುವಿನಲ್ಲಿ ಹಿಂದಿನ ಚಕ್ರವನ್ನು ಹೊರಕ್ಕೆ ಜಾರಿಸಿ, ಮುಂದಿನ ಚಕ್ರವನ್ನು ಬಲಕ್ಕೆ ಹಿಡಿದು, ಎಡಗಾಲನ್ನು ನೆಲಕ್ಕೆ ಊರಿ ಸಾಗುವುದು ಪದ್ಧತಿ. ಅದಕ್ಕಾಗಿ ಎಡಗಾಲಿನ ಬೂಟಿಗೆ ಉಕ್ಕಿನ ಅಟ್ಟೆ ಕಟ್ಟಿಕೊಳ್ಳುತ್ತಾರೆ. 1960ರ ದಶಕದ ಕೊನೆಯವರೆಗೂ ಈ ಬೈಕುಗಳಿಗೆ ಬ್ರೇಕೇ ಇರುತ್ತಿರಲಿಲ್ಲವೆಂದರೆ ನಮ್ಮ ಘಾಟಿಯಲ್ಲಿ ಓಡಾಡುವವರು ನಂಬಲಾರರು. ಗುಂಪಿನಲ್ಲಿ ಒಬ್ಬ ಥಟ್ಟನೆ ಬ್ರೇಕ್ ಹಿಡಿದರೆ ಹಿಂದಿನವರೆಲ್ಲ ಅವನ ಮೇಲೆ ಬೀಳುತ್ತಾರೆ, ಆದ್ದರಿಂದ ಯಾರಿಗೂ ಬ್ರೇಕು ಬೇಡ ಎಂಬುದು ಅವರ ವಾದ. ಆಮೇಲೆ ಹಿಂದಿನ ಚಕ್ರಕ್ಕೆ ಬ್ರೇಕು ಬಂತು. ಈಗ ಅಲ್ಲಿಯ ಹಳೆಯ ಬೈಕುಗಳ ಓಟದಲ್ಲಿ ‘ಬ್ರೇಕಿಲ್ಲದವು’ ಎಂದೇ ಬೇರೆ ವರ್ಗವಿದೆ. ಬ್ರೇಕಿರುವ ಬೈಕನ್ನೂ ಇಲ್ಲದ ಬೈಕನ್ನೂ ಒಟ್ಟಿಗೆ ಬಿಡುವುದು ಅಪಾಯವೆಂಬ ಕಾರಣವೂ ಇದಕ್ಕೆ ಉಂಟು.

ವರ್ಗ ಮಾಡುವ ವಿದ್ಯೆಯನ್ನು ಅವರು ಕಲಿತದ್ದು ಕಷ್ಟ ಕಾಲದಲ್ಲಿ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಅಲ್ಲಿ ಉಳಿದಿದ್ದ ದೊಡ್ಡ ತಯಾರಕರು ಹಾರ್ಲೆ ಡೇವಿಡ್‌ಸನ್ ಮತ್ತು ಇಂಡಿಯನ್, ಎರಡೇ. ಕಂಪನಿಗಳು ಓಟಕ್ಕೆಂದೇ ವಿಶೇಷ ಯಂತ್ರ ಕಟ್ಟಿ, ಸಂಬಳದ ಸವಾರರನ್ನು ಇಟ್ಟುಕೊಳ್ಳುವಷ್ಟು ಹಣ ಯಾರಲ್ಲೂ ಇರಲಿಲ್ಲ. ಆಗ ಅಮೆರಿಕನ್ ಮೋಟರ್‌ಸೈಕ್ಲಿಸ್ಟ್ ಅಸೋಸಿಯೇಷನ್ ‘ಸಿ ವರ್ಗ’ ಎಂಬುದನ್ನು ತಂದಿತು. ಅಂಗಡಿಯಲ್ಲಿ ಸಾರ್ವಜನಿಕರಿಗೆ ಮಾರುವ ಬೈಕೇ ಆಗಿರಬೇಕು, ಸವಾರನದೇ ಆಗಿರಬೇಕು ಎಂಬುದು ಅದರ ತಿರುಳು. ಬೈಕು ಕೊಂಡವನೇ ಅದನ್ನು ಓಡಿಸಿಕೊಂಡು ಬಂದು, ದೀಪ ಬಿಚ್ಚಿಟ್ಟು, ಓಡಿ, ಮತ್ತೆ ಓಡಿಸಿಕೊಂಡು ಮನೆಗೆ ಹೋಗಬಹುದಾಗಿತ್ತು.

ಸಿ ವರ್ಗದಲ್ಲಿದ್ದ ಒಂದು ಲೆಕ್ಕ ಗಮನಿಸತಕ್ಕದ್ದು. ಎಂಜಿನ್ನಿನ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿದ್ದರೆ 750 ಸಿಸಿವರೆಗೆ ಅವಕಾಶ. ವಾಲ್ವುಗಳು ತಲೆಯ ಮೇಲಿದ್ದರೆ 500 ಸಿಸಿ ಮಾತ್ರ. ಪಕ್ಕದ ವಾಲ್ವಿನ ಎಂಜಿನ್ನಿನಲ್ಲಿ ಗಾಳಿ ಬಳಸಿಕೊಂಡು ಒಳಗೆ ಹೋಗಬೇಕು, ಉಸಿರು ಕಡಿಮೆ. ಆದ್ದರಿಂದ ಗಾತ್ರದಲ್ಲಿ ರಿಯಾಯಿತಿ. ಹಾರ್ಲೆ ಕಂಪನಿಯ ಪಕ್ಕವಾಲ್ವಿನ ಕೆಆರ್ ಬೈಕು 1952ರಿಂದ 1969ರವರೆಗೆ ಈ ಲೆಕ್ಕದ ನೆರಳಿನಲ್ಲಿ ಇಂಗ್ಲೆಂಡಿನ ಬಿಎಸ್ಎ ಗೋಲ್ಡ್ ಸ್ಟಾರ್, ಟ್ರಯಂಫ್ ಬೈಕುಗಳನ್ನು ಎದುರಿಸಿತು. ಸ್ವದೇಶಿ ಕಂಪನಿಗೆ ಮಾಡಿದ ಪಕ್ಷಪಾತವಿದು ಎಂದು ಆಂಗ್ಲ ಬೈಕಿನವರ ದೂರು. ಹಾಗಲ್ಲ, ಸಮ ಮಾಡುವ ಉಪಾಯ ಎಂದು ಇವರ ಸಮಜಾಯಿಷಿ. ಎರಡರಲ್ಲೂ ಸ್ವಲ್ಪ ಸತ್ಯವಿದ್ದಂತೆ ನಮಗೆ ತೋರುತ್ತದೆ. 1969ರಲ್ಲಿ ಮಣ್ಣಿನ ಓಟಕ್ಕೆ ಈ ಭೇದ ತೆಗೆದು ಎಲ್ಲರಿಗೂ 750 ಎಂದರು. ಮರುವರ್ಷ ಹಾರ್ಲೆಯವರು ತಲೆವಾಲ್ವಿನ ಎಕ್ಸ್‌ಆರ್ 750 ತಂದರು. ಮೊದಲ ಎರಕದ ಕಬ್ಬಿಣದ ಎಂಜಿನ್ನು ವಿಪರೀತ ಕಾದು ಕೈಕೊಟ್ಟಿತು. 1972ರಲ್ಲಿ ಅಲ್ಯೂಮಿನಿಯಂನಲ್ಲಿ ಮಾಡಿದ ಮೇಲೆ ಅದೇ ಬೈಕು ದಶಕಗಳ ಕಾಲ ಮಣ್ಣಿನ ರಾಜನಾಯಿತು.

ನಿಯಮದಲ್ಲಿ ಬಿಟ್ಟುಹೋದ ಕಂಡಿಯಲ್ಲಿ ಏನು ನುಗ್ಗಬಹುದೆಂಬುದಕ್ಕೆ 1975ರ ಇಂಡಿಯಾನಾಪೊಲಿಸ್ ಮೈಲಿ ಓಟ ಸಾಕ್ಷಿ. ಕೆನ್ನಿ ರಾಬರ್ಟ್ಸ್ ಎಂಬ ಪ್ರಸಿದ್ಧ ಸವಾರ, ಡಾಂಬರು ರಸ್ತೆಯ ರೇಸಿಗೆಂದು ಮಾಡಿದ ಯಮಹಾ ಟಿಝಡ್ 750ರ ನಾಲ್ಕು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್ನನ್ನು ಮಣ್ಣಿನ ಚಾಸಿಗೆ ಕೂಡಿಸಿ ತಂದರು. ಸಿಸಿ ಲೆಕ್ಕದಲ್ಲಿ ತಪ್ಪೇನಿರಲಿಲ್ಲ, 750ರ ಒಳಗೇ ಇತ್ತು. ಹಿಂದಿನ ಟೈರು ನೇರ ದಾರಿಯಲ್ಲೂ ಸುಮ್ಮನೆ ಗಿರಗಿರನೆ ತಿರುಗುವಷ್ಟು ಶಕ್ತಿ. ಕೊನೆಯ ಸುತ್ತಿನಲ್ಲಿ ಮುಂದಿದ್ದ ಇಬ್ಬರು ಹಾರ್ಲೆ ಸವಾರರನ್ನು ಗೆರೆಯ ಹತ್ತಿರ ಹಿಂದಿಕ್ಕಿ ಅವರು ಗೆದ್ದರು. ಆಮೇಲೆ ಮಣ್ಣಿನ ಓಟಕ್ಕೆ ಎರಡಕ್ಕಿಂತ ಹೆಚ್ಚು ಸಿಲಿಂಡರು ಕೂಡದೆಂದು ನಿಯಮ ಮಾಡಿದರು. ಗೆಲುವನ್ನು ಮಾತ್ರ ಕಿತ್ತುಕೊಳ್ಳಲಿಲ್ಲ. ನಮ್ಮ ಬಟ್ಟಲಿನ ವಿಷಯ ಯೋಚಿಸುವಾಗ ಇದನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಇನ್ನು ಹಳೆಯ ಬೈಕುಗಳ ಓಟಕ್ಕೆ ಬರೋಣ. ಅಮೆರಿಕದಲ್ಲಿ ಇದನ್ನು ನಡೆಸುವ ಮುಖ್ಯ ಸಂಸ್ಥೆ ಅಮೆರಿಕನ್ ಹಿಸ್ಟಾರಿಕ್ ರೇಸಿಂಗ್ ಮೋಟರ್‌ಸೈಕಲ್ ಅಸೋಸಿಯೇಷನ್. 1980ರ ದಶಕದಲ್ಲಿ ಖಾಸಗಿಯಾಗಿ ಹುಟ್ಟಿ, ಅದೇ ದಶಕದ ಕೊನೆಗೆ ಸದಸ್ಯರದೇ ಆದ, ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಯಿತು. ಆಡಳಿತ ಮಂಡಳಿಯನ್ನು ಸದಸ್ಯರೇ ಚುನಾಯಿಸುತ್ತಾರೆ. ಅಂದರೆ ಹೆಚ್ಚು ಕಡಿಮೆ ನಮ್ಮಂತೆಯೇ; ಅಲ್ಲಿಯೂ ಮಹಾಸಭೆಯಲ್ಲಿ ಏರುದನಿ ಇರಬಹುದೆಂದು ಊಹಿಸುತ್ತೇವೆ.

ಅವರ ಎಲ್ಲ ವರ್ಗಗಳ ಪಟ್ಟಿಯನ್ನು ಇಲ್ಲಿ ಕೊಡುವುದಿಲ್ಲ, ಅದು ದೊಡ್ಡದು. ಕೈಯಲ್ಲಿ ಗೇರು ಹಾಕುವ ಸಿ ವರ್ಗದ ಬೈಕುಗಳು ಒಂದು ಕಡೆ, ಕಾಲಿನಲ್ಲಿ ಗೇರು ಹಾಕುವವು ಇನ್ನೊಂದು ಕಡೆ, ಎಪ್ಪತ್ತರ ದಶಕದವು ಮತ್ತೊಂದು ಕಡೆ, ಹೀಗೆ. ಯಾಕಿಷ್ಟು ವಿಭಾಗ ಎಂದು ಕೇಳಿದರೆ, ನಮ್ಮ ಹರಾಜು ಕಟ್ಟೆಗೆ ಬಂದು ನೋಡಿ. ಸರಕು, ಬೆಟ್ಟೆ, ರಾಶಿ, ಗೊರಬಲು ಎಲ್ಲವೂ ಅಡಿಕೆಯೇ. ಒಂದೇ ಗುಡ್ಡೆ ಹಾಕಿ ಹರಾಜು ಕೂಗಿದರೆ ಸರಕು ತಂದವನು ಮರುವರ್ಷ ಬರುವುದಿಲ್ಲ. ಬೈಕಿನಲ್ಲೂ ಹಾಗೆಯೇ. 1940ರ ಬೈಕಿನವನು ಎಪ್ಪತ್ತರ ಬೈಕಿನ ಧೂಳನ್ನೇ ಕುಡಿಯಬೇಕಾದರೆ ತನ್ನದನ್ನು ಮನೆಯಲ್ಲೇ ಬಿಟ್ಟು ಬರುತ್ತಾನೆ. ನೋಡಬೇಕಾದ ಬೈಕೇ ಆಗ ಓಟದಿಂದ ಮಾಯವಾಗುತ್ತದೆ.

ವಯಸ್ಸನ್ನು ಗೊತ್ತು ಮಾಡುವುದಕ್ಕೆ ಎರಡು ದಾರಿಗಳಿವೆ. ಒಂದು ಉರುಳುವ ಲೆಕ್ಕ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ, ಮೂವತ್ತು ವರ್ಷ ತುಂಬಿದ್ದನ್ನು ಐತಿಹಾಸಿಕ ವಾಹನವೆನ್ನುತ್ತದೆ. ಪ್ರದರ್ಶನಕ್ಕೆ ಇದು ಸರಿ. ಓಟಕ್ಕೆ ಹಿಡಿದರೆ 1985ರ ಕೊನೆಗೆ ಬಂದ ಆರ್‌ಎಕ್ಸ್ 100, 2015ಕ್ಕೇ ‘ಹಳೆಯ ಬೈಕು’ ಆಗಿ ಜಾವಾದ ಪಕ್ಕದಲ್ಲಿ ಬಂದು ನಿಲ್ಲುತ್ತದೆ. ಎರಡನೆಯದು ನಿಂತ ಗೆರೆ. ಯಂತ್ರವಿದ್ಯೆ ಎಲ್ಲಿ ತಿರುವು ಪಡೆಯಿತೋ ಅಲ್ಲಿ ಗೆರೆ ಎಳೆದು, ವರ್ಷಗಳು ಕಳೆದರೂ ಅದನ್ನು ಕದಲಿಸದಿರುವುದು. ಅಮೆರಿಕದ ಆ ಸಂಸ್ಥೆಯ ಗುಡ್ಡಗಾಡು ಓಟದಲ್ಲಿ, ಅಂದರೆ ಮೋಟೋಕ್ರಾಸಿನಲ್ಲಿ, ವಿಂಟೇಜ್ ಬೈಕುಗಳಿಗೆ ಗೆರೆ ಇರುವುದು 1974ರ ಮಾದರಿಗೆ. ಅಲ್ಲೇ ಯಾಕೆಂದರೆ 1973–75ರ ಆಸುಪಾಸಿನಲ್ಲಿ ಉದ್ದ ಆಡುವ ಸಸ್ಪೆನ್ಷನ್ ಬಂತು. ಯಮಹಾದವರ ಒಂಟಿ ಶಾಕ್ ಅಬ್ಸಾರ್ಬರಿನ ಬೈಕು 1973ರಲ್ಲಿ 250 ಸಿಸಿ ವಿಶ್ವ ಮೋಟೋಕ್ರಾಸ್ ಗೆದ್ದ ಮೇಲೆ ಹಳೆಯ ಎರಡು ಶಾಕಿನ ಗಿಡ್ಡ ಬೈಕುಗಳ ಕಾಲ ಮುಗಿಯಿತು. ಅದಕ್ಕೇ ಆ ವಿಂಟೇಜ್ ವರ್ಗದಲ್ಲಿ ವರ್ಷವೊಂದನ್ನೇ ಹೇಳದೆ, ಮುಂದಿನ ಚಕ್ರದ ಆಟ 7 ಅಂಗುಲ, ಹಿಂದಿನದು 4 ಅಂಗುಲ ಮೀರಕೂಡದು ಎಂದೂ ಹೇಳಿದ್ದಾರೆ. ಇದು ಬುದ್ಧಿವಂತಿಕೆಯ ಮಾತು. ಕಾಗದ ಸುಳ್ಳು ಹೇಳಬಹುದು, ಅಡಿಕೋಲು ಹೇಳುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಗೆರೆಯ ಈಚೆಗೆ ತಯಾರಾದರೂ ವಿನ್ಯಾಸ ಹಳೆಯದೇ ಆಗಿದ್ದರೆ ಏನು ಮಾಡುವುದು? ಅಲ್ಲಿಯ ನಿಯಮ ಇದನ್ನು ‘ಸಮಾನ ವಿನ್ಯಾಸ’ವೆಂದು ಕರೆದು ಒಳಗೆ ಬಿಡುತ್ತದೆ. ಇದಕ್ಕೆ ನಮ್ಮ ದೇಶದಲ್ಲಿ ಸಿಗುವಷ್ಟು ಉದಾಹರಣೆಗಳು ಬೇರೆಲ್ಲೂ ಸಿಗಲಾರವು. 1955ರಿಂದ ಮದ್ರಾಸಿನಲ್ಲಿ ತಯಾರಾದ ಬುಲೆಟ್ಟಿನ ಕಬ್ಬಿಣದ ಎಂಜಿನ್ನು ಹೆಚ್ಚು ಬದಲಾವಣೆಯಿಲ್ಲದೆ ದಶಕಗಟ್ಟಲೆ ಬಂತು. 1990ರ ಬುಲೆಟ್ಟನ್ನು 1965ರದರ ಪಕ್ಕ ನಿಲ್ಲಿಸಿದರೆ ಓಟದ ದೃಷ್ಟಿಯಿಂದ ಅವು ಅಣ್ಣತಮ್ಮಂದಿರು. ಆದರೆ ಅನಂತರ ಬಂದ ಐದು ಗೇರಿನ, ಎಡಗಾಲಿನ ಗೇರ್‌ಬಾಕ್ಸ್ ಕೂಡಿಸಿದ ಬುಲೆಟ್ ಆ ಮನೆಯದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದೂ ಹೀಗೆಯೇ. ಅಲ್ಲಿ 1961ರಲ್ಲಿ ಶುರುವಾದ ತಯಾರಿಕೆ 1996ರವರೆಗೆ ನಡೆಯಿತು. 1970ರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಎಂದಾಯಿತು. ಮೊದಮೊದಲ ಯೆಜ್ಡಿಯ ಹೊಟ್ಟೆಯಲ್ಲಿದ್ದದ್ದು ಜಾವಾದ ಎಂಜಿನ್ನೇ. ಹೆಸರು ಬೇರೆಯಾಯಿತೆಂದು ಅದನ್ನು ಹೊರಗಿಡುವುದು ನ್ಯಾಯವಲ್ಲ. 1978ರಲ್ಲಿ ಬಂದ ರೋಡ್‌ಕಿಂಗ್ ಮಾತ್ರ ಚುರುಕಿನ ಬೇರೆ ಬೈಕು.

ಸಮಾನ ವಿನ್ಯಾಸವೆಂದು ತೋರಿಸಿಕೊಡುವ ಹೊಣೆ ಯಾರದು? ಸವಾರನದೇ. ಅನುಮಾನ ಬಂದರೆ ಹಳೆಯ ಕೈಪಿಡಿ, ಬಿಡಿಭಾಗಗಳ ಪುಸ್ತಕ, ಫೋಟೋ, ಏನಾದರೊಂದನ್ನು ಅವನೇ ತಂದು ತೋರಿಸಬೇಕು. ಕಳೆದ ಬಾರಿ ಈ ಹೊಣೆಯನ್ನು ಸಂಘದ ಮೇಲೆ ಹೊರಿಸಿಕೊಂಡದ್ದು ನಮ್ಮ ತಪ್ಪು.

ಯಾವ ಭಾಗ ಹಳೆಯದಿರಬೇಕು, ಯಾವುದು ಹೊಸದಿದ್ದರೂ ನಡೆಯುತ್ತದೆ ಎಂಬುದು ಮುಂದಿನ ಪ್ರಶ್ನೆ. ಸಾಮಾನ್ಯವಾಗಿ ಹಿಡಿಯುವ ಸೂತ್ರ ಇದು: ಚಾಸಿ, ಎಂಜಿನ್, ಗೇರ್‌ಬಾಕ್ಸ್, ಫೋರ್ಕು, ಚಕ್ರದ ಹಬ್ಬು, ಬ್ರೇಕು, ಇವು ಆ ಕಾಲದವೇ ಆಗಿರಬೇಕು. ಟೈರು, ಚೈನು, ಕಡ್ಡಿಗಳು, ಕೇಬಲ್ಲು, ಪ್ಲಗ್ಗು, ಹ್ಯಾಂಡಲ್ ಬಾರು, ಇವು ಸವೆಯುವ ಸಾಮಾನು; ಹೊಸದಾಗಿರುವುದೇ ಕ್ಷೇಮ. ಈ ಸೂತ್ರದ ಪ್ರಕಾರ ನೋಡಿದರೆ ಗೆದ್ದ ಜಾವಾ ಮೂರು ಕಡೆ ತಪ್ಪುತ್ತದೆ: ಫೋರ್ಕು, ಬ್ರೇಕು, ಎಂಜಿನ್. ಅದರ ಮಾಲೀಕರು ಮೋಸ ಮಾಡಿದರೆಂದು ಇದರ ಅರ್ಥವಲ್ಲ. ಟ್ಯಾಂಕು ಹಳೆಯದಾದರೆ ಬೈಕು ಹಳೆಯದೆಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಹಾಗಲ್ಲವೆಂದು ನಾವು ಎಲ್ಲಿಯೂ ಬರೆದಿರಲಿಲ್ಲ.

ಸಿಸಿಯ ಬಗ್ಗೆ ಸ್ವಲ್ಪ ಲೆಕ್ಕ ಮಾಡಲೇಬೇಕು. ಜಾವಾ 250ರ ಸಿಲಿಂಡರಿನ ಅಡ್ಡಳತೆ 65 ಮಿ.ಮೀ., ಪಿಸ್ಟನ್ನಿನ ಏರಿಳಿತ 75 ಮಿ.ಮೀ. ಗುಣಿಸಿದರೆ ಸುಮಾರು 249 ಸಿಸಿ. ಹಳೆಯ ಬೈಕು ಸವೆದಾಗ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಿಸುವುದು ಎಲ್ಲರಿಗೂ ಗೊತ್ತಿದ್ದದ್ದೇ. ಅಡ್ಡಳತೆ 66 ಆದರೆ ಸುಮಾರು 257 ಸಿಸಿ ಆಗುತ್ತದೆ. ‘250 ಸಿಸಿ ಒಳಗೆ’ ಎಂದು ಕಟ್ಟುನಿಟ್ಟಾಗಿ ಬರೆದರೆ ಬೋರ್ ಮಾಡಿಸಿದ ಜಾವಾಗಳನ್ನೆಲ್ಲ ನಾವೇ ಗೇಟಿನಲ್ಲಿ ನಿಲ್ಲಿಸಿದಂತಾಗುತ್ತದೆ. ಆದ್ದರಿಂದ ಸವೆತಕ್ಕೆಂದು ಒಂದಿಷ್ಟು ವಿನಾಯಿತಿ ಬಿಡಲೇಬೇಕು. ಇನ್ನೊಂದು ಕಡೆ, ಆರ್‌ಎಕ್ಸ್ 100 ಬರೀ 98 ಸಿಸಿ, ಪಾಪದ್ದು ಎಂದು ಯಾರಾದರೂ ವಾದಿಸಬಹುದು. ಅದರ ಶಕ್ತಿ ಸುಮಾರು 11 ಅಶ್ವಶಕ್ತಿ, ಹಳೆಯ ಜಾವಾದ್ದು 12ರ ಸುಮಾರು. ತೂಕ ನೋಡಿದರೆ ಅದು ನೂರು ಕಿಲೋದ ಆಸುಪಾಸು, ಇದು ನೂರಮೂವತ್ತರ ಹತ್ತಿರ. ಬರೀ ಸಿಸಿ ನೋಡಿ ವರ್ಗ ಮಾಡಿದರೆ ಆಗುವ ಪ್ರಮಾದ ಇದರಿಂದಲೇ ತಿಳಿಯುತ್ತದೆ.

ಸವಾರನ ವಯಸ್ಸಿನ ಮೇಲೂ ಅಮೆರಿಕದಲ್ಲಿ ವರ್ಗಗಳಿವೆ. ಐವತ್ತು ದಾಟಿದವರಿಗೊಂದು, ಅರುವತ್ತು ದಾಟಿದವರಿಗೊಂದು. ನಮ್ಮ ಸಂಘದಲ್ಲಿ ಇದಕ್ಕೆ ಅಭ್ಯರ್ಥಿಗಳಿಗೇನೂ ಕೊರತೆಯಿಲ್ಲ. ಮನೆಯವರ ಒಪ್ಪಿಗೆ ಪತ್ರ ತರಬೇಕೆಂಬ ಷರತ್ತನ್ನು ನಾವು ಸೇರಿಸಬೇಕಾದೀತು.

ಅರ್ಹತೆ ಎಂದರೆ ಹಳೆಯದೋ ಹೊಸದೋ ಎಂಬುದಷ್ಟೇ ಅಲ್ಲ. ಕಳೆದ ಬಾರಿ ಅಭ್ಯಾಸದ ಸುತ್ತಿನಲ್ಲಿ ಒಬ್ಬ ಹುಡುಗನ ಎಕ್ಸಿಲರೇಟರ್ ಕೇಬಲ್ಲು ಸಿಕ್ಕಿಕೊಂಡು, ಬೈಕು ಬದುವಿಗೆ ಬಡಿದು, ಅವನ ಮೊಣಕಾಲು ಮುರಿದದ್ದು ನಿಮಗೆ ನೆನಪಿರಬಹುದು. ಅಂದು ಗೇಟಿನಲ್ಲಿ ಬೈಕುಗಳ ಹೆಸರು ಬರೆದುಕೊಂಡವರು ನಾವೇ. ಕೇಬಲ್ಲನ್ನು ಯಾರೂ ಎಳೆದು ನೋಡಲಿಲ್ಲ. ಕಾಫಿ ಕೊಯ್ಲಿನ ಎರಡು ವಾರ ಆ ಮನೆಯವರಿಗೆ ಆಸ್ಪತ್ರೆಯಲ್ಲೇ ಕಳೆಯಿತು. ಓಟಕ್ಕೆ ಮುಂಚಿನ ತಪಾಸಣೆಯಲ್ಲಿ ಸಾಮಾನ್ಯವಾಗಿ ನೋಡುವುದು ಇಷ್ಟು: ಕೈಬಿಟ್ಟ ಕೂಡಲೇ ಎಕ್ಸಿಲರೇಟರ್ ತಾನೇ ಮುಚ್ಚಬೇಕು. ಸವಾರ ಬಿದ್ದರೆ ಎಂಜಿನ್ ನಿಲ್ಲಿಸುವಂತೆ ಮಣಿಕಟ್ಟಿಗೆ ದಾರ ಕಟ್ಟಿದ ಸ್ವಿಚ್ಚು ಇರಬೇಕು. ಆಯಿಲ್ ಬೋಲ್ಟುಗಳು ಸಡಿಲವಾಗದಂತೆ ತಂತಿ ಕಟ್ಟಿರಬೇಕು. ದೀಪ, ಕನ್ನಡಿ, ಸ್ಟ್ಯಾಂಡು ಬಿಚ್ಚಿರಬೇಕು. ಬ್ರೇಕ್ ಮತ್ತು ಕ್ಲಚ್ ಲಿವರಿನ ತುದಿ ಗುಂಡಗಿರಬೇಕು. ಇಷ್ಟಕ್ಕೆ ಒಂದು ಬೈಕಿಗೆ ಹತ್ತು ನಿಮಿಷ ಸಾಕು. ಮೋಟಾರ್ ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎಫ್.ಎಂ.ಎಸ್.ಸಿ.ಐ. ಮೂಲಕ ಪರವಾನಗಿ ಪಡೆದೇ ಮುಂದಿನ ಓಟ ನಡೆಸಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಖರ್ಚು ಹೆಚ್ಚೆಂಬ ಆಕ್ಷೇಪ ಬಂದಿದೆ. ಖರ್ಚು ಭರಿಸಲಾಗದಿದ್ದರೆ ಓಟ ಬೇಡ, ಬೈಕುಗಳ ಪ್ರದರ್ಶನವೇ ಸಾಕು.

ಪ್ರದರ್ಶನವೆಂದಾಗ ಇನ್ನೊಂದು ಮುಖ್ಯ ವಿಷಯ. ಇದನ್ನು ಕೊಟ್ಟಿಗೆಯಲ್ಲಿ ಹಳೆಯ ಬೈಕು ಇಟ್ಟುಕೊಂಡವರೆಲ್ಲ ಗಮನವಿಟ್ಟು ಓದಬೇಕು. 2021ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ಏರ್ಪಡಿಸಿದೆ. ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ, ವಾಣಿಜ್ಯಕ್ಕೆ ಬಳಸದ ದ್ವಿಚಕ್ರ, ಚತುಶ್ಚಕ್ರ ವಾಹನಗಳಿಗೆ ‘ವಿಎ’ ಅಕ್ಷರಗಳಿರುವ ಸಂಖ್ಯೆ ಸಿಗುತ್ತದೆ. ಆ ತಿದ್ದುಪಡಿಯಲ್ಲಿ ಗೊತ್ತು ಮಾಡಿದ ಶುಲ್ಕ ರೂ. 20,000, ಅವಧಿ ಹತ್ತು ವರ್ಷ. ಆಮೇಲೆ ಐದು ವರ್ಷಕ್ಕೊಮ್ಮೆ ರೂ. 5,000. ಇಂಥ ವಾಹನವನ್ನು ದಿನನಿತ್ಯ ಓಡಿಸುವಂತಿಲ್ಲ; ಪ್ರದರ್ಶನ, ವಿಂಟೇಜ್ ರ‍್ಯಾಲಿ, ರಿಪೇರಿ, ಪೆಟ್ರೋಲು ಇತ್ಯಾದಿಗೆ ಮಾತ್ರ ರಸ್ತೆಗಿಳಿಸಬಹುದು. ಮುಖ್ಯ ಷರತ್ತು ಏನೆಂದರೆ, ವಾಹನ ಮೂಲ ಸ್ವರೂಪದಲ್ಲಿರಬೇಕು. ಚಾಸಿಯನ್ನಾಗಲಿ, ಬಾಡಿಯನ್ನಾಗಲಿ, ಎಂಜಿನ್ನನ್ನಾಗಲಿ ಗಣನೀಯವಾಗಿ ಮಾರ್ಪಡಿಸಿರಕೂಡದು.

ಓಟದ ಆಸೆಗೆ ಚಾಸಿಯ ಹಿಂಭಾಗ ಕೊಯ್ದು, ಮಡ್‌ಗಾರ್ಡು ಗುಜರಿಗೆ ಹಾಕಿದ ಜಾವಾ ಈ ನೋಂದಣಿಗೆ ಅರ್ಹವಾಗುವುದು ಕಷ್ಟ. ಕಳೆದ ಓಟದ ನಂತರ ನಮ್ಮ ಸದಸ್ಯರ ಮನೆಗಳಲ್ಲೇ ಮೂರು ಜಾವಾಗಳು ಗ್ಯಾಸ್ ಕಟ್ಟರಿಗೆ ಸಿಕ್ಕಿವೆಯೆಂದು ಕೇಳಿದ್ದೇವೆ. ನಮ್ಮ ಅಣ್ಣನ ಮಗನೂ ನಮ್ಮ ಮನೆಯ ಜಾವಾದ ಕಡೆ ಕಣ್ಣು ಹಾಕಿ, “ಚಿಕ್ಕಪ್ಪ, ಹಿಂದಿನ ಸೀಟಿನ ಭಾಗ ಮಾತ್ರ ಕೊಯ್ದರೆ ಸಾಕು” ಎಂದ. ನಾವು ಒಪ್ಪಲಿಲ್ಲ. ಹಾಗೆಂದು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡುವುದೂ ನಮಗೆ ಇಷ್ಟವಿಲ್ಲ. ಅದಕ್ಕಾಗಿಯೇ ಕೆಳಗಿನ ಸಲಹೆ.

ಮಂಡಳಿಯ ಮುಂದೆ ಇಟ್ಟಿರುವ ಕರಡಿನಲ್ಲಿ ವರ್ಗಗಳು ಮೂರೇ. ಒಂದನೆಯದು 1975ರವರೆಗಿನ ಮಾದರಿಗಳು ಮತ್ತು ಅವುಗಳ ಸಮಾನ ವಿನ್ಯಾಸದವು. ಎರಡೂ ಚಕ್ರಕ್ಕೆ ಡ್ರಮ್ ಬ್ರೇಕು, ಹಿಂದೆ ಎರಡು ಶಾಕು, ಆ ಕಾಲದ ಫೋರ್ಕು. ಟೂ ಸ್ಟ್ರೋಕಿಗೆ 250 ಸಿಸಿ, ಫೋರ್ ಸ್ಟ್ರೋಕಿಗೆ 350 ಸಿಸಿ, ಎರಡಕ್ಕೂ ಬೋರಿನ ವಿನಾಯಿತಿ ಬೇರೆ. ಈ ವರ್ಗದಲ್ಲಿ ಚಾಸಿ ಕೊಯ್ದ ಬೈಕಿಗೆ ಪ್ರವೇಶವಿಲ್ಲ. ಬಿಚ್ಚಿದ್ದನ್ನು ಮತ್ತೆ ಕೂಡಿಸುವಂತಿರಬೇಕು. ಎರಡನೆಯದು 1976ರಿಂದ 1996ರವರೆಗಿನವು. ರೋಡ್‌ಕಿಂಗಿಗೂ ಆರ್‌ಎಕ್ಸಿಗೂ ಇದೇ ಮನೆ. ಅಲ್ಲಿ ಅವೆರಡರ ಜಗಳ ನೋಡಲು ನಮಗೂ ಆಸೆ. ಮೂರನೆಯದು ಮಾರ್ಪಡಿಸಿದ ಬೈಕುಗಳು, ವರ್ಷದ ಹಂಗಿಲ್ಲ. ಆಕ್ಷೇಪಣೆ ಕೊಡುವವರು ಎಂಜಿನ್ ಬಿಚ್ಚಿ ಜೋಡಿಸುವ ಖರ್ಚನ್ನು ಠೇವಣಿ ಇಡಬೇಕು. ಆಕ್ಷೇಪಣೆ ಸುಳ್ಳಾದರೆ ಆ ಹಣ ಬೈಕಿನ ಮಾಲೀಕರಿಗೆ, ನಿಜವಾದರೆ ವಾಪಸು.

ಬಟ್ಟಲಿನ ಬಗ್ಗೆ ನಮ್ಮ ಅಭಿಪ್ರಾಯವಿಷ್ಟು: ಅಂದಿನ ನಿಯಮದ ಪ್ರಕಾರ ಗೆದ್ದವರು ಗೆದ್ದರು. ಅದನ್ನು ಅವರಿಗೆ ಕೊಟ್ಟುಬಿಡಬೇಕು. ಮುಂದಿನ ವರ್ಷ ಅದೇ ಬೈಕು ಬಂದರೆ ಮೂರನೆಯ ವರ್ಗದಲ್ಲಿ ಓಡಬೇಕು. ಆಕ್ಷೇಪಣೆ ಕೊಟ್ಟ ಸದಸ್ಯರ ಜಾವಾ ಮೂಲ ಸ್ವರೂಪದಲ್ಲಿದೆ, ಹಾಗೆಯೇ ಉಳಿಸಿಕೊಂಡರೆ ಒಂದನೆಯ ವರ್ಗದಲ್ಲಿ ಅವರನ್ನು ಹಿಡಿಯುವವರು ಕಡಿಮೆ. ಇದಕ್ಕೆ ಇಬ್ಬರೂ ಒಪ್ಪುವರೋ ಇಲ್ಲವೋ ಮಹಾಸಭೆಯಲ್ಲಿ ತಿಳಿಯುತ್ತದೆ.

ಕರಡಿನ ಪ್ರತಿ ಕಛೇರಿಯಲ್ಲಿ ದೊರೆಯುತ್ತದೆ. ತಿದ್ದುಪಡಿ ಸೂಚಿಸುವವರು ಮಹಾಸಭೆಗೆ ಒಂದು ವಾರ ಮುಂಚೆ ಬರಹದಲ್ಲಿ ಕೊಡಬೇಕು. ಹಳೆಯ ಬೈಕು ಇರುವವರು ಆರ್.ಸಿ. ಪುಸ್ತಕದೊಡನೆ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಬರೆದುಕೊಂಡು ಬಂದರೆ ಪಟ್ಟಿ ಮಾಡಿಕೊಳ್ಳಲು ಅನುಕೂಲ. ಸಂಖ್ಯೆ ಕಾಣದಷ್ಟು ಗ್ರೀಸು ಹಿಡಿದಿದ್ದರೆ ಸೀಮೆಎಣ್ಣೆ ಹಾಕಿ ಒರೆಸಿ, ಉಪ್ಪುಕಾಗದದಿಂದ ಉಜ್ಜಬೇಡಿ, ಸಂಖ್ಯೆ ಅಳಿಸಿಹೋದೀತು.